ದಿ ಅಲ್ಟಿಮೇಟ್ ಫೈಟರ್ ನೋಡುವುದು ಹೇಗೆ? ಹೊಸಬರಿಗೆ ಸಮಗ್ರ ಮಾರ್ಗದರ್ಶಿ

ದಿ ಅಲ್ಟಿಮೇಟ್ ಫೈಟರ್ ಎಂಬ ಹೊಡೆದಾಟದ ರಿಯಾಲಿಟಿ ಶೋವನ್ನು ಜನ ಸಾಮಾನ್ಯವಾಗಿ ಎರಡು ಥರ ನೋಡುತ್ತಾರೆ. ಕೆಲವರಿಗೆ ಮನೆಯೊಳಗಿನ ಜಗಳ ಬೇಕು. ಇನ್ನು ಕೆಲವರು ಅದನ್ನೆಲ್ಲ ಓಡಿಸಿ ಕೊನೆಯ ಫೈಟ್ ಮಾತ್ರ ನೋಡುತ್ತಾರೆ. ಮೂರು ನಾಲ್ಕು ಎಪಿಸೋಡ್ ಆಗುವಷ್ಟರಲ್ಲಿ ಇಬ್ಬರಿಗೂ ಬೇಜಾರು. ಜಗಳಗಳು ಒಂದೇ ಥರ ಕಾಣುತ್ತವೆ. ಫೈಟ್‌ನಲ್ಲಿ ಇರುವವರು ಯಾರು, ಯಾಕೆ ಹೊಡೆದಾಡುತ್ತಿದ್ದಾರೆ ಅನ್ನುವುದೇ ಗೊತ್ತಿರುವುದಿಲ್ಲ.

ಶೋದ ನಿಜವಾದ ಆಟ ಇವೆರಡರ ನಡುವೆ ಇದೆ. ಯಾರ ಎದುರು ಯಾರನ್ನು ನಿಲ್ಲಿಸಬೇಕು ಅಂತ ತೀರ್ಮಾನಿಸುವ ಹಕ್ಕು ಈ ವಾರ ಯಾರ ಕೈಯಲ್ಲಿದೆ? ಅದನ್ನು ಅವರು ಹೇಗೆ ಬಳಸಿದರು? ಆ ಹೊತ್ತಿಗೆ ಯಾರ ಮೈ ಎಷ್ಟು ದಣಿದಿತ್ತು? ಈ ಎಳೆ ಹಿಡಿದು ನೋಡಿದರೆ ಸಪ್ಪೆ ಎನಿಸುವ ಎಪಿಸೋಡ್‌ನಲ್ಲೂ ಏನಾದರೂ ಸಿಗುತ್ತದೆ. ಈ ಮಾರ್ಗದರ್ಶಿ ಅದಕ್ಕಾಗಿ.

ಹಂತ 1: ಶೋ ಏನು ಅಂತ ಮೊದಲು ತಿಳಿಯಿರಿ

ಯುಎಫ್‌ಸಿ ಅಮೆರಿಕದ ಮಿಕ್ಸ್ಡ್ ಮಾರ್ಷಲ್ ಆರ್ಟ್ಸ್ ಕಂಪನಿ. ಬಾಕ್ಸಿಂಗ್, ಕಿಕ್, ಕುಸ್ತಿ, ಜುಜಿಟ್ಸು (ನೆಲದ ಮೇಲೆ ಪಟ್ಟು ಹಾಕುವ ಕಲೆ) ಎಲ್ಲ ಸೇರಿದ ಆಟ ಇದು. ಎಂಟು ಮೂಲೆಯ ಜಾಲರಿ ಕೇಜ್ ಒಳಗೆ ನಡೆಯುತ್ತದೆ. 2001ರಲ್ಲಿ ಲೊರೆಂಜೊ ಮತ್ತು ಫ್ರ್ಯಾಂಕ್ ಫರ್ಟಿಟಾ ಸೋದರರು ಈ ಕಂಪನಿಯನ್ನು 20 ಲಕ್ಷ ಡಾಲರ್‌ಗೆ ಕೊಂಡರು. ಡೇನಾ ವೈಟ್ ಅಧ್ಯಕ್ಷರಾದರು. ಮುಂದಿನ ನಾಲ್ಕು ವರ್ಷ ನಷ್ಟವೇ. ಯಾವ ಚಾನೆಲ್ಲೂ ಮುಂದೆ ಬರಲಿಲ್ಲ. ಕೊನೆಗೆ ಫರ್ಟಿಟಾ ಸೋದರರೇ ಖರ್ಚು ಹಾಕಿಕೊಂಡು ರಿಯಾಲಿಟಿ ಶೋ ಮಾಡಿದರು. 2005ರ ಜನವರಿ 17ರಂದು ಸ್ಪೈಕ್ ಚಾನೆಲ್‌ನಲ್ಲಿ ಅದು ಶುರುವಾಯಿತು.

ರೂಪ ಸರಳ. ಲಾಸ್ ವೇಗಸ್‌ನ ಒಂದು ಮನೆಯಲ್ಲಿ ಸುಮಾರು ಹದಿನಾರು ಫೈಟರ್‌ಗಳು ಇರುತ್ತಾರೆ. ಇಬ್ಬರು ಹೆಸರಾಂತ ಫೈಟರ್‌ಗಳು ಕೋಚ್ ಆಗಿ ಅವರನ್ನು ಎರಡು ತಂಡ ಮಾಡಿಕೊಳ್ಳುತ್ತಾರೆ. ಫೋನ್ ಇಲ್ಲ, ಟಿವಿ ಇಲ್ಲ, ಇಂಟರ್ನೆಟ್ ಇಲ್ಲ. ದಿನಾ ತರಬೇತಿ, ಕೆಲವು ದಿನಕ್ಕೊಂದು ಫೈಟ್. ಸೋತವರು ಟೂರ್ನಿಯಿಂದ ಹೊರಗೆ, ಆದರೆ ಸಾಮಾನ್ಯವಾಗಿ ಮನೆಯಲ್ಲೇ ಉಳಿಯುತ್ತಾರೆ. ಬೇರೆ ರಿಯಾಲಿಟಿ ಶೋಗಳಿಗೂ ಇದಕ್ಕೂ ಇರುವ ದೊಡ್ಡ ವ್ಯತ್ಯಾಸ ಇಲ್ಲಿದೆ. ಇಲ್ಲಿ ಓಟು ಹಾಕಿ ಯಾರನ್ನೂ ಹೊರಗೆ ಕಳಿಸುವುದಿಲ್ಲ. ಗೆದ್ದವರಿಗೆ ಯುಎಫ್‌ಸಿ ಒಪ್ಪಂದ ಸಿಗುತ್ತದೆ.

ಇನ್ನೊಂದು ವಿಷಯ ತಲೆಯಲ್ಲಿ ಇಟ್ಟುಕೊಳ್ಳಿ. ಶೋ ಒಳಗಿನ ಫೈಟ್‌ಗಳು ಅಧಿಕೃತ ದಾಖಲೆಗೆ ಸೇರುವುದಿಲ್ಲ. ಪ್ರಸಾರ ಆಗುವವರೆಗೆ ಫಲಿತಾಂಶ ಗುಟ್ಟಾಗಿರಬೇಕಲ್ಲ, ಹಾಗಾಗಿ ಅವು ಪ್ರದರ್ಶನ ಪಂದ್ಯ ಎಂಬ ಲೆಕ್ಕ. ಹೊಡೆತ ಮಾತ್ರ ನಿಜ, ರೆಫರಿ ನಿಜ, ಮೂವರು ಜಡ್ಜ್‌ಗಳೂ ನಿಜ. ಪ್ರೇಕ್ಷಕರ ಎದುರು ನಡೆಯುವ ಫಿನಾಲೆ ಮಾತ್ರ ಲೆಕ್ಕಕ್ಕೆ ಬರುತ್ತದೆ.

ಹಂತ 2: ಸೀಸನ್ ಆರಿಸಿಕೊಳ್ಳಿ

ಎಲ್ಲವನ್ನೂ ಮೊದಲಿನಿಂದ ನೋಡಲು ಹೋಗಬೇಡಿ. ಮೂವತ್ತಕ್ಕೂ ಜಾಸ್ತಿ ಸೀಸನ್‌ಗಳಿವೆ. ಬ್ರೆಜಿಲ್, ಚೀನಾ, ಲ್ಯಾಟಿನ್ ಅಮೆರಿಕ ಆವೃತ್ತಿಗಳು ಬೇರೆ. ಅರ್ಧದಷ್ಟು ಸೀಸನ್‌ಗಳನ್ನು ಬಿಟ್ಟರೂ ಏನೂ ನಷ್ಟ ಇಲ್ಲ.

ಇತಿಹಾಸ ಇಷ್ಟಪಡುವವರು ಸೀಸನ್ 1 ನೋಡಬೇಕು. ಕೋಚ್‌ಗಳು ಚಕ್ ಲಿಡೆಲ್ ಮತ್ತು ರ್‍ಯಾಂಡಿ ಕುಟೂರ್. ಫೈಟ್‌ಗೆ ಪ್ರತ್ಯೇಕ ದುಡ್ಡು ಇಲ್ಲ ಅಂತ ಹುಡುಗರು ಗೊಣಗಿದಾಗ ಡೇನಾ ವೈಟ್ ಜಿಮ್‌ನಲ್ಲೇ ಎಲ್ಲರನ್ನೂ ನಿಲ್ಲಿಸಿ ಬಾಯಿಗೆ ಬಂದಂತೆ ಬೈಯುವ ದೃಶ್ಯ ಇದೇ ಸೀಸನ್‌ನದು. 2005ರ ಏಪ್ರಿಲ್ 9ರಂದು ನಡೆದ ಫಿನಾಲೆಯಲ್ಲಿ ಫಾರೆಸ್ಟ್ ಗ್ರಿಫಿನ್ ಮತ್ತು ಸ್ಟೀಫನ್ ಬಾನರ್ ಮೂರು ರೌಂಡ್ ಬಿಡದೆ ಹೊಡೆದಾಡಿದರು. ಗ್ರಿಫಿನ್ ಗೆದ್ದರು. ಆದರೆ ಅಲ್ಲೇ, ಕೇಜ್ ಒಳಗೇ, ಇಬ್ಬರಿಗೂ ಒಪ್ಪಂದ ಕೊಟ್ಟರು. ಯುಎಫ್‌ಸಿ ಉಳಿದದ್ದು ಆ ರಾತ್ರಿಯಿಂದ ಎಂದು ಕಂಪನಿಯವರೇ ಹೇಳುತ್ತಾರೆ.

ಆಟವಾಗಿ ನೋಡುವುದಾದರೆ ನನ್ನ ಮೊದಲ ಸಲಹೆ ಸೀಸನ್ 20, 2014ರದು. ಹದಿನಾರು ಮಹಿಳೆಯರು, 52 ಕಿಲೋ ತೂಕದ ವಿಭಾಗ. ಗೆದ್ದವರಿಗೆ ಬರೀ ಒಪ್ಪಂದ ಅಲ್ಲ, ಆ ವಿಭಾಗದ ಮೊದಲ ಚಾಂಪಿಯನ್ ಬೆಲ್ಟ್. ಆದ್ದರಿಂದ ಯಾವ ಫೈಟ್ ಕೂಡ ಹಗುರವಾಗಿಲ್ಲ. 1ರಿಂದ 16ರವರೆಗೆ ಕ್ರಮಾಂಕ ಕೊಟ್ಟಿದ್ದರು. 14ನೇ ಕ್ರಮಾಂಕದ ರಾಂಡಾ ಮಾರ್ಕೋಸ್ 3ನೇ ಕ್ರಮಾಂಕದ ಟೀಶಾ ಟೋರೆಸ್ ಅವರನ್ನು ಟೂರ್ನಿಯ ಮೊದಲ ಸುತ್ತಲ್ಲೇ ಸೋಲಿಸಿದರು. ಬೆಲ್ಟ್ ಕಾರ್ಲಾ ಎಸ್ಪಾರ್ಜಾ ಪಾಲಾಯಿತು.

ಮೂರನೆಯದು ಸೀಸನ್ 17. ಕೋಚ್‌ಗಳು ಜಾನ್ ಜೋನ್ಸ್ ಮತ್ತು ಚೇಲ್ ಸೋನನ್. ಇದರ ಬಗ್ಗೆ ಮುಂದೆ ಹೇಳುತ್ತೇನೆ. ಸೀಸನ್ 16 ಬಿಟ್ಟುಬಿಡಿ. ನೀರಸ ಫೈಟ್‌ಗಳು, ನೀರಸ ಮನೆ.

ಎಲ್ಲಿ ನೋಡಬೇಕು ಅನ್ನುವುದು ಸ್ವಲ್ಪ ತಲೆನೋವಿನ ವಿಷಯ. ಅಮೆರಿಕದಲ್ಲಿ ಶೋ ಸ್ಪೈಕ್‌ನಿಂದ 2012ರಲ್ಲಿ ಎಫ್ಎಕ್ಸ್‌ಗೆ, 2013ರಲ್ಲಿ ಎಫ್ಎಸ್1ಗೆ ಹೋಯಿತು. 2018ರ ನಂತರ ಸ್ವಲ್ಪ ಕಾಲ ನಿಂತು, 2021ರಲ್ಲಿ ಇಎಸ್‌ಪಿಎನ್ ಪ್ಲಸ್‌ನಲ್ಲಿ ಮತ್ತೆ ಶುರುವಾಯಿತು. 2026ರಿಂದ ಯುಎಫ್‌ಸಿ ಪಂದ್ಯಗಳ ಅಮೆರಿಕದ ಹಕ್ಕು ಪ್ಯಾರಾಮೌಂಟ್‌ನದು. ಹಳೆಯ ಸೀಸನ್‌ಗಳನ್ನು ಯುಎಫ್‌ಸಿಯ ಸ್ವಂತ ಸೇವೆಯಾದ ಫೈಟ್ ಪಾಸ್‌ನಲ್ಲಿ ಹುಡುಕಿ. ಯಾವ ದೇಶದಲ್ಲಿ ಯಾವುದು ಸಿಗುತ್ತದೆ ಅನ್ನುವುದು ಬದಲಾಗುತ್ತಿರುತ್ತದೆ. ದುಡ್ಡು ಕಟ್ಟುವ ಮೊದಲು ನಿಮಗೆ ಬೇಕಾದ ಸೀಸನ್ ಅಲ್ಲಿ ಇದೆಯಾ ಅಂತ ನೋಡಿಕೊಳ್ಳಿ.

ಹಂತ 3: ಫಲಿತಾಂಶ ಮೊದಲೇ ಗೊತ್ತಾಗದ ಹಾಗೆ ಮಾಡಿ

ಇದು ಕಷ್ಟದ ಕೆಲಸ. ಇಪ್ಪತ್ತು ವರ್ಷದಿಂದ ನಡೆದ ಶೋ. ಫೈಟರ್ ಹೆಸರು ಹುಡುಕಿದ ತಕ್ಷಣ ಯಾರು ಯಾರನ್ನು ಸೋಲಿಸಿದರು ಅಂತ ಮೊದಲ ಸಾಲಲ್ಲೇ ಬರುತ್ತದೆ. ಶೋ ನೋಡಿ ಮುಗಿಯುವವರೆಗೆ ಹೆಸರು ಹುಡುಕಬೇಡಿ. ಯಾರ ಬಗ್ಗೆಯಾದರೂ ತಿಳಿಯಬೇಕಾದರೆ ಆ ಎಪಿಸೋಡ್‌ನಲ್ಲಿ ತೋರಿಸಿದಷ್ಟೇ ಸಾಕು.

ಎಪಿಸೋಡ್ ಪಟ್ಟಿಯ ಚಿಕ್ಕ ಚಿತ್ರ ಮತ್ತು ವಿವರಣೆ ಕೂಡ ಕೈಕೊಡುತ್ತವೆ. ಪಟ್ಟಿ ನೋಡದೆ ಮುಂದಿನ ಎಪಿಸೋಡ್ ತಾನಾಗಿ ಶುರುವಾಗಲು ಬಿಡಿ. ಆದರೆ ಮುಂದಿನ ವಾರದ ತುಣುಕು ಬರುವ ಮೊದಲು ನಿಲ್ಲಿಸಿ. ಆ ತುಣುಕಲ್ಲಿ ಯಾರ ಕಣ್ಣು ಊದಿದೆ ಅನ್ನುವುದೇ ಸಾಕು, ಅರ್ಧ ಕತೆ ಹೊರಗೆ ಬರುತ್ತದೆ.

ಎಲ್ಲಕ್ಕಿಂತ ದೊಡ್ಡ ಚಾಡಿಕೋರ ಅಂದರೆ ವಿಡಿಯೋ ಕೆಳಗಿನ ಸಮಯದ ಪಟ್ಟಿ. ಫೈಟ್ ಶುರುವಾದಾಗ ಎಪಿಸೋಡ್ ಮುಗಿಯಲು ಆರೇ ನಿಮಿಷ ಇದೆ ಅಂದುಕೊಳ್ಳಿ. ಫೈಟ್ ಮೊದಲ ರೌಂಡ್‌ನಲ್ಲೇ ಮುಗಿಯುತ್ತದೆ ಅಂತ ನಿಮಗೆ ಗೊತ್ತಾಗಿಬಿಟ್ಟಿತು. ಇಪ್ಪತ್ತು ನಿಮಿಷ ಇದ್ದರೆ ಮೂರನೇ ರೌಂಡ್ ಬರಬಹುದು. ಹಾಗಾಗಿ ಮಧ್ಯದಲ್ಲಿ ವಿಡಿಯೋ ನಿಲ್ಲಿಸಬೇಡಿ. ನಿಲ್ಲಿಸಲೇಬೇಕಾದರೆ ಪರದೆಯ ಕೆಳಭಾಗದ ಕಡೆ ಕಣ್ಣು ಹಾಯಿಸಬೇಡಿ.

ಎಡಿಟಿಂಗ್‌ನಿಂದಲೂ ಊಹೆ ಮಾಡಬಹುದು. ಒಬ್ಬರ ಮನೆ, ಮಗು, ಕಷ್ಟ ಎಲ್ಲ ತೋರಿಸಿ, ಇನ್ನೊಬ್ಬರಿಗೆ ಎರಡು ವಾಕ್ಯ ಕೊಟ್ಟರೆ ನಿಮ್ಮ ತಲೆ ತಾನಾಗಿ ಲೆಕ್ಕ ಹಾಕುತ್ತದೆ. ಇದಕ್ಕೆ ಮದ್ದಿಲ್ಲ. ಶೋ ತಯಾರಿಸುವವರಿಗೂ ಇದು ಗೊತ್ತು, ಅದಕ್ಕೇ ಒಮ್ಮೊಮ್ಮೆ ಬೇಕೆಂದೇ ಉಲ್ಟಾ ಮಾಡುತ್ತಾರೆ.

ಹಂತ 4: ತಂಡ ಹಂಚುವ ದಿನ ಪುಸ್ತಕ ತೆರೆಯಿರಿ

ಹದಿನಾರು ಮುಖ ಒಂದೇ ಸಲ ಬರುತ್ತವೆ. ಎಲ್ಲರಿಗೂ ಬೋಳು ತಲೆ, ಗಡ್ಡ, ಟ್ಯಾಟೂ, ಒಂದೇ ಬಣ್ಣದ ಟೀ ಶರ್ಟ್. ಗೊಂದಲ ಆಗದೆ ಇರುತ್ತದಾ? ಒಂದು ಹಾಳೆ ತಗೊಳ್ಳಿ. ಎಡಕ್ಕೆ ಒಂದು ತಂಡ, ಬಲಕ್ಕೆ ಇನ್ನೊಂದು. ಪ್ರತಿ ಹೆಸರಿನ ಮುಂದೆ ಎಷ್ಟನೇ ಆಯ್ಕೆ ಅಂತ ಬರೆಯಿರಿ. ಪಕ್ಕದಲ್ಲಿ ಆ ಫೈಟರ್‌ನ ಮೂಲ ಯಾವುದು ಅಂತ: ಕುಸ್ತಿ, ಬಾಕ್ಸಿಂಗ್, ಕಿಕ್‌ಬಾಕ್ಸಿಂಗ್, ಜುಜಿಟ್ಸು. ಕೊನೆಯಲ್ಲಿ ಸ್ವಲ್ಪ ಜಾಗ ಬಿಡಿ. ಗಾಯ, ತೂಕದ ಕಷ್ಟ, ಎಷ್ಟು ರೌಂಡ್ ಆಡಿದರು ಅನ್ನುವುದು ಅಲ್ಲಿಗೆ ಬರುತ್ತದೆ.

ಆಯ್ಕೆಯ ಕ್ರಮ ಯಾಕೆ ಮುಖ್ಯ? ಕೋಚ್‌ಗಳಿಗೆ ಆಗ ಗೊತ್ತಿದ್ದದ್ದು ಎಷ್ಟು ಅಂತ ಅದರಲ್ಲಿ ಕಾಣುತ್ತದೆ. ಕೆಲವು ಸೀಸನ್‌ಗಳಲ್ಲಿ ಮನೆಗೆ ಬರುವ ಮೊದಲೇ ಒಂದು ಫೈಟ್ ಗೆಲ್ಲಬೇಕಿತ್ತು, ಕೋಚ್‌ಗಳು ಅದನ್ನು ನೋಡಿ ಆರಿಸುತ್ತಿದ್ದರು. ಅಷ್ಟಾದರೂ ತಪ್ಪುತ್ತಾರೆ. ಸೀಸನ್ 17ರಲ್ಲಿ ಸೋನನ್ ಮೊದಲು ಆರಿಸಿದ್ದು ಯುರಾಯಾ ಹಾಲ್. ಕೊನೆಗೆ ಉಳಿದು ಸಿಕ್ಕವರು ಕೆಲ್ವಿನ್ ಗ್ಯಾಸ್ಟಲಮ್. ಹಾಲ್ ಸುತ್ತಿ ಒದ್ದ ಒಂದು ಕಿಕ್‌ಗೆ ಆಡಮ್ ಸೆಲ್ಲಾ ಎಚ್ಚರ ತಪ್ಪಿ ಬಿದ್ದರು. ಅದನ್ನು ನೋಡಿದ ಮೇಲೆ ಮನೆಯಲ್ಲಿ ಎಲ್ಲರಿಗೂ ಹಾಲ್ ಅಂದರೆ ಭಯ. ಫಿನಾಲೆಯಲ್ಲಿ ಒಂದೇ ತಂಡದ ಈ ಇಬ್ಬರೇ ಎದುರಾದರು. ಮೊದಲ ಆಯ್ಕೆಯೂ ಕೊನೆಯ ಆಯ್ಕೆಯೂ. ಜಡ್ಜ್‌ಗಳ ಒಡಕು ತೀರ್ಪಿನಲ್ಲಿ (ಮೂವರಲ್ಲಿ ಇಬ್ಬರು ಒಂದು ಕಡೆ, ಒಬ್ಬರು ಇನ್ನೊಂದು ಕಡೆ) ಗೆದ್ದದ್ದು ಗ್ಯಾಸ್ಟಲಮ್.

ಹಂತ 5: ಜೋಡಿ ಹಾಕುವ ಹಕ್ಕಿನ ಹಿಂದೆ ಹೋಗಿ

ಈಗ ಮುಖ್ಯ ವಿಷಯಕ್ಕೆ ಬರೋಣ. ಬಹುಪಾಲು ಸೀಸನ್‌ಗಳಲ್ಲಿ ನಾಣ್ಯ ಚಿಮ್ಮಿಸುತ್ತಾರೆ. ಗೆದ್ದ ಕೋಚ್ ಎರಡರಲ್ಲಿ ಒಂದನ್ನು ಕೇಳಬಹುದು: ಮೊದಲ ಫೈಟರ್ ಆರಿಸುವ ಅವಕಾಶ, ಇಲ್ಲವೇ ಮೊದಲ ಫೈಟ್‌ನ ಜೋಡಿ ಹಾಕುವ ಅವಕಾಶ. ಒಂದನ್ನು ಇವರು ತಗೊಂಡರೆ ಇನ್ನೊಂದು ಎದುರಾಳಿಗೆ ಹೋಗುತ್ತದೆ. ಆಮೇಲೆ ಯಾವ ತಂಡದ ಫೈಟರ್ ಗೆಲ್ಲುತ್ತಾರೋ ಮುಂದಿನ ಜೋಡಿ ಹಾಕುವುದು ಆ ತಂಡದ ಕೋಚ್. ಗೆಲ್ಲುತ್ತಿರುವವರೆಗೆ ಹಕ್ಕು ಅವರ ಹತ್ತಿರವೇ. ಸೋತರೆ ಆ ಕಡೆಗೆ.

ಈ ಒಂದು ನಿಯಮದಿಂದ ಎಷ್ಟೆಲ್ಲ ಲೆಕ್ಕಾಚಾರ ಹುಟ್ಟುತ್ತದೆ ನೋಡಿ. ಸುಲಭದ ದಾರಿ ಅಂದರೆ ನಿಮ್ಮ ಬಲಶಾಲಿಯನ್ನು ಅವರ ದುರ್ಬಲನ ಎದುರು ನಿಲ್ಲಿಸುವುದು. ಹಕ್ಕು ಉಳಿಯುತ್ತದೆ, ತಂಡಕ್ಕೆ ಧೈರ್ಯ ಬರುತ್ತದೆ. ಆದರೆ ಬಲಶಾಲಿಗಳನ್ನೆಲ್ಲ ಮೊದಲೇ ಖರ್ಚು ಮಾಡಿದರೆ ಕೊನೆಗೆ ನಿಮ್ಮ ದುರ್ಬಲರು, ಅವರ ಬಲಶಾಲಿಗಳು ಉಳಿಯುತ್ತಾರೆ. ಜಾಣ ಕೋಚ್ ಮಧ್ಯಮ ದರ್ಜೆಯವನನ್ನು ಅವನ ಶೈಲಿಗೆ ಸುಲಭವಾದ ಎದುರಾಳಿಯ ಜೊತೆ ಹಾಕಿ ಹಕ್ಕು ಉಳಿಸಿಕೊಳ್ಳುತ್ತಾನೆ. ಕುಸ್ತಿಯವನಿಗೆ ನೆಲದ ಮೇಲೆ ಅನುಭವ ಇಲ್ಲದ ಬಾಕ್ಸರ್ ಸಿಕ್ಕರೆ ಕೆಲಸ ಅರ್ಧ ಆಯಿತು. ಬೆನ್ನ ಮೇಲೆ ಬಿದ್ದು ಆಡುವುದರಲ್ಲಿ ಪಳಗಿದವನ ಎದುರು ಅದೇ ಕುಸ್ತಿಯವನನ್ನು ಹಾಕಿದರೆ ಅಪಾಯ. ಅವನು ಕೆಡವುತ್ತಾನೆ, ಬಿದ್ದವನು ಕೆಳಗಿನಿಂದಲೇ ಕತ್ತು ಹಿಡಿಯುತ್ತಾನೆ.

ದಿನಗಳ ಲೆಕ್ಕ ಬೇರೆ ಇದೆ. ಇಡೀ ಚಿತ್ರೀಕರಣ ಸುಮಾರು ಆರು ವಾರದಲ್ಲಿ ಮುಗಿಯುತ್ತದೆ. ಮೊದಲು ಆಡಿದವರಿಗೆ ಮುಂದಿನ ಸುತ್ತಿಗೆ ಮುಂಚೆ ಜಾಸ್ತಿ ವಿಶ್ರಾಂತಿ. ಕೊನೆಗೆ ಆಡಿದವರಿಗೆ ಮುಖದ ಗಾಯ ಆರುವ ಮೊದಲೇ ಮತ್ತೊಂದು ಫೈಟ್. ಜಿಮ್‌ನಲ್ಲಿ ಯಾರಿಗೋ ಮಂಡಿ ನೋವು ಅಂತ ಸುದ್ದಿ ಹಬ್ಬಿದರೆ ಎದುರಾಳಿ ಕೋಚ್ ಆ ಹೆಸರನ್ನೇ ಕರೆಯುತ್ತಾನೆ. ಇದಕ್ಕೇ ಫೈಟರ್‌ಗಳು ನೋವು ಮುಚ್ಚಿಡುತ್ತಾರೆ, ಗೂಢಚಾರರು ಯಾರು ಅಂತ ಮನೆಯಲ್ಲಿ ಗುಸುಗುಸು ನಡೆಯುತ್ತದೆ. ಸುಮ್ನೆ ಗಾಸಿಪ್ ಅಂತ ಓಡಿಸುವ ದೃಶ್ಯಗಳಲ್ಲಿ ಇಷ್ಟು ವಿಷಯ ಇರುತ್ತದೆ.

ಹಾಗಾಗಿ ಪ್ರತಿ ಸಲ ಕೋಚ್ ಹೆಸರು ಹೇಳುವ ಮೊದಲು ವಿಡಿಯೋ ನಿಲ್ಲಿಸಿ (ಸಮಯದ ಪಟ್ಟಿ ನೋಡಬೇಡಿ!) ಮತ್ತು ನಿಮ್ಮ ಜೋಡಿಯನ್ನು ಬರೆಯಿರಿ. ನಂತರ ಕೋಚ್ ಹಾಕಿದ ಜೋಡಿ ನೋಡಿ. ಎರಡೂ ಬೇರೆ ಇದ್ದರೆ ಯಾಕೆ ಅಂತ ಯೋಚಿಸಿ. ಶೋ ನೋಡುವುದರಲ್ಲಿ ನನಗೆ ಅತಿ ಹೆಚ್ಚು ಮಜಾ ಕೊಡುವ ಭಾಗ ಇದು.

ಎರಡನೇ ಸುತ್ತಿಗೆ ಬಂದಾಗ ನಿಯಮ ಬದಲಾಗುತ್ತದೆ. ಆಗ ಕೋಚ್‌ಗಳು ಮತ್ತು ಡೇನಾ ವೈಟ್ ಒಂದು ಕೋಣೆಯಲ್ಲಿ ಕೂರುತ್ತಾರೆ. ಉಳಿದ ಫೈಟರ್‌ಗಳನ್ನು ಒಬ್ಬೊಬ್ಬರಾಗಿ ಕರೆದು ಯಾರ ಜೊತೆ ಆಡಬೇಕು ಅಂತ ಕೇಳುತ್ತಾರೆ. ಈ ಎರಡು ನಿಮಿಷದ ಉತ್ತರಗಳನ್ನು ಓಡಿಸಬೇಡಿ. ಯಾರ ಹೆಸರು ಪದೇ ಪದೇ ಬರುತ್ತದೋ ಅವರನ್ನು ಉಳಿದವರು ದುರ್ಬಲ ಅಂದುಕೊಂಡಿದ್ದಾರೆ. ಯಾರ ಹೆಸರನ್ನು ಯಾರೂ ಹೇಳುವುದಿಲ್ಲವೋ ಅವರ ಬಗ್ಗೆ ಮನೆಯಲ್ಲಿ ಭಯ ಇದೆ. ಈ ಹಂತದಲ್ಲಿ ಒಂದೇ ತಂಡದವರು ಎದುರಾಗಬಹುದು. ಆಗ ಕೋಚ್ ಯಾರ ಮೂಲೆಯಲ್ಲೂ ನಿಲ್ಲದೆ ದೂರ ಉಳಿಯುವುದೇ ಸಾಮಾನ್ಯ.

ಕ್ರಮಾಂಕ ಕೊಟ್ಟ ಸೀಸನ್‌ಗಳಲ್ಲಿ, ಉದಾಹರಣೆಗೆ 20 ಮತ್ತು 24ರಲ್ಲಿ, ಈ ಚದುರಂಗ ಇಲ್ಲ. ಅಲ್ಲಿ 1ನೇ ಕ್ರಮಾಂಕಕ್ಕೆ 16ನೆಯವರೇ ಎದುರಾಳಿ. ಸೀಸನ್ 21 ಇನ್ನೂ ಬೇರೆ: ಫ್ಲೋರಿಡಾದ ಎರಡು ಜಿಮ್‌ಗಳ ನಡುವಿನ ಪೈಪೋಟಿ. ಮುಂದೆ ವೆಲ್ಟರ್‌ವೇಟ್ ಚಾಂಪಿಯನ್ ಆದ ಕಮಾರು ಉಸ್ಮಾನ್ ಬೆಳಕಿಗೆ ಬಂದದ್ದು ಅಲ್ಲಿಂದ.

ಹಂತ 6: ತೂಕದ ಕಡೆ ಗಮನ ಕೊಡಿ

ಹೊಸಬರು ತೂಕ ನೋಡುವ ದೃಶ್ಯವನ್ನು ಬರೀ ಶಿಷ್ಟಾಚಾರ ಅಂದುಕೊಳ್ಳುತ್ತಾರೆ. ಅರ್ಧ ಫೈಟ್ ಅಲ್ಲೇ ಮುಗಿದಿರುತ್ತದೆ.

ವಿಭಾಗಗಳು ಪೌಂಡ್‌ನಲ್ಲಿವೆ. ಲೈಟ್‌ವೇಟ್ 155 ಪೌಂಡ್, ಅಂದರೆ ಸುಮಾರು 70 ಕಿಲೋ. ವೆಲ್ಟರ್‌ವೇಟ್ 170 ಪೌಂಡ್, 77 ಕಿಲೋ. ಮಿಡಲ್‌ವೇಟ್ 185 ಪೌಂಡ್, 84 ಕಿಲೋ. ಆದರೆ ಲೈಟ್‌ವೇಟ್ ಫೈಟರ್ ಮಾಮೂಲಿ ದಿನ 70 ಕಿಲೋ ಇರುವುದಿಲ್ಲ. ಎಂಟು ಹತ್ತು ಕಿಲೋ ಜಾಸ್ತಿಯೇ ಇರಬಹುದು. ತೂಕ ನೋಡುವುದು ಫೈಟ್‌ನ ಹಿಂದಿನ ದಿನ. ಅದಕ್ಕೆ ಮುಂಚೆ ಉಪ್ಪು, ನೀರು ಕಡಿಮೆ ಮಾಡಿ, ಬಿಸಿ ನೀರಿನ ತೊಟ್ಟಿ ಮತ್ತು ಸೌನಾದಲ್ಲಿ ಬೆವರಿ ಮೈಯೊಳಗಿನ ನೀರು ತೆಗೆಯುತ್ತಾರೆ. ತೂಕ ಆದಮೇಲೆ ಕುಡಿದು, ತಿಂದು ವಾಪಸ್ ತುಂಬಿಸಿಕೊಳ್ಳುತ್ತಾರೆ.

ಮಾಮೂಲಿ ಫೈಟರ್ ಇದನ್ನು ವರ್ಷಕ್ಕೆ ಎರಡು ಮೂರು ಸಲ ಮಾಡುತ್ತಾನೆ. ಈ ಶೋದಲ್ಲಿ ಫೈನಲ್‌ವರೆಗೆ ಹೋಗುವವನು ಆರು ವಾರದಲ್ಲಿ ಎರಡು ಅಥವಾ ಮೂರು ಸಲ ಮಾಡಬೇಕು. ಮೈ ಸೋಲುತ್ತದೆ. ಮೊದಲ ಸುತ್ತಲ್ಲಿ ಸಿಡಿಲಿನ ಹಾಗೆ ಆಡಿದವನು ಸೆಮಿಫೈನಲ್‌ನಲ್ಲಿ ಎರಡನೇ ರೌಂಡ್‌ಗೇ ಏದುಸಿರು ಬಿಡುವುದು ಇದಕ್ಕೇ. ಸೀಸನ್ 5ರಲ್ಲಿ ಗೇಬ್ ರೂಡಿಗರ್ ತೂಕ ಇಳಿಸಲಾಗದೆ ಫೈಟ್ ಆಡದೇ ಶೋದಿಂದ ಹೊರಬಿದ್ದರು. ಸೀಸನ್ 4 ಗೆದ್ದು ಚಾಂಪಿಯನ್ ಆಂಡರ್ಸನ್ ಸಿಲ್ವಾ ಎದುರು ಆಡುವ ಅವಕಾಶ ಪಡೆದಿದ್ದ ಟ್ರಾವಿಸ್ ಲಟರ್ ಕತೆ ಇನ್ನೂ ಬೇಸರದ್ದು. 2007ರ ಫೆಬ್ರವರಿಯಲ್ಲಿ ತೂಕ ತಪ್ಪಿ, ಬೆಲ್ಟ್ ಪಂದ್ಯ ಸಾದಾ ಪಂದ್ಯವಾಯಿತು.

ನೋಡುವಾಗ ಏನು ಗಮನಿಸಬೇಕು? ತಕ್ಕಡಿ ಹತ್ತುವಾಗ ಕೆನ್ನೆ ಒಳಗೆ ಹೋಗಿದೆಯಾ, ತುಟಿ ಒಡೆದಿದೆಯಾ, ಮೆಟ್ಟಿಲು ಹತ್ತಲು ಯಾರಾದರೂ ಕೈ ಹಿಡಿದರಾ, ಬಟ್ಟೆ ಬಿಚ್ಚಿ ಟವೆಲ್ ಹಿಡಿಯಬೇಕಾಯಿತಾ. ಇವೆಲ್ಲ ನಿಮ್ಮ ಹಾಳೆಗೆ ಹೋಗಬೇಕು. ಮೊದಲ ಸುತ್ತಿನಲ್ಲಿ ಕಷ್ಟಪಟ್ಟು ಇಳಿದವನಿಗೆ ಎರಡನೇ ಸಲ ಇನ್ನೂ ಕಷ್ಟ.

ಹಂತ 7: ಫೈಟ್‌ಗೆ ನೀವೇ ಅಂಕ ಕೊಡಿ

ಮನೆಯೊಳಗಿನ ಫೈಟ್ ಸಾಮಾನ್ಯವಾಗಿ ಐದು ನಿಮಿಷದ ಎರಡು ರೌಂಡ್. ತಲಾ ಒಂದು ರೌಂಡ್ ಗೆದ್ದು ಸಮ ಆದರೆ ಮೂರನೇ ರೌಂಡ್ ಇರುತ್ತದೆ. ಅದನ್ನು ಗೆದ್ದವರದ್ದೇ ಫೈಟ್. ರೌಂಡ್ ಗೆದ್ದವರಿಗೆ 10, ಸೋತವರಿಗೆ 9. ಪೂರ್ತಿ ಹಣ್ಣಾಗಿಸಿದರೆ 8. ಅಂದರೆ 20-18 ಆದರೆ ಮುಗಿಯಿತು, 19-19 ಆದರೆ ಮುಂದುವರಿಯುತ್ತದೆ.

ಅಂಕಕ್ಕೆ ಮೊದಲ ಅಳತೆ ಏಟಿನ ಪರಿಣಾಮ. ಯಾರು ಮುಂದೆ ನುಗ್ಗಿದರು, ಯಾರು ಕೇಜ್ ಮಧ್ಯ ಹಿಡಿದರು ಅನ್ನುವುದೆಲ್ಲ ಉಳಿದದ್ದು ಸಮ ಆದಾಗ ಮಾತ್ರ. ಎದುರಾಳಿಯನ್ನು ಕೆಡವಿ ಸುಮ್ಮನೆ ಮೇಲೆ ಮಲಗಿದರೆ ಈಗಿನ ನಿಯಮದಲ್ಲಿ ಅಂಥ ಲಾಭ ಇಲ್ಲ. ಕೆಡವಿದ ಮೇಲೆ ಹೊಡೆಯಬೇಕು, ಇಲ್ಲವೇ ಪಟ್ಟು ಹಾಕಬೇಕು. ಹಳೆಯ ಸೀಸನ್‌ಗಳಲ್ಲಿ ಬರೀ ಕೆಡವಿ ಹಿಡಿದವರಿಗೆ ರೌಂಡ್ ಸಿಕ್ಕಿದ್ದು ನೋಡಿ ಸಿಟ್ಟು ಬಂದರೆ, ಆಗ ಜಡ್ಜ್‌ಗಳು ನೋಡುತ್ತಿದ್ದ ರೀತಿಯೇ ಬೇರೆ ಅಂತ ನೆನಪಿಡಿ.

ನೆಲದ ಮೇಲಿನ ಆಟ ಮೊದಲ ಸಲ ಅರ್ಥ ಆಗುವುದಿಲ್ಲ, ಪರವಾಗಿಲ್ಲ. ಮೂರು ಪ್ರಶ್ನೆ ಸಾಕು. ಮೇಲಿರುವವನು ಎದುರಾಳಿಯ ಕಾಲುಗಳ ನಡುವೆ ಇದ್ದಾನಾ, ಅಥವಾ ಕಾಲು ದಾಟಿ ಪಕ್ಕಕ್ಕೆ ಬಂದಿದ್ದಾನಾ? ದಾಟಿದ್ದರೆ ಕೆಳಗಿನವನಿಗೆ ಕಷ್ಟ. ಯಾರಾದರೂ ಬೆನ್ನ ಹಿಂದೆ ಹೋಗಿ ಸೊಂಟಕ್ಕೆ ಕಾಲು ಸುತ್ತಿದ್ದಾರಾ? ಹಾಗಿದ್ದರೆ ಕೈಗಳನ್ನೇ ನೋಡಿ. ತೋಳು ಗದ್ದದ ಕೆಳಗೆ ಇಳಿಯಿತು ಅಂದರೆ ಕತ್ತು ಸಿಕ್ಕಿತು. ಕೆಳಗಿನವನು ಅಲುಗಾಡುತ್ತಿದ್ದಾನಾ? ಇಲ್ಲದಿದ್ದರೆ ರೆಫರಿ ಹತ್ತಿರ ಬರುತ್ತಾರೆ.

ಕೊನೆಯ ಪ್ರಶ್ನೆಗೆ ಒಳ್ಳೆಯ ಉದಾಹರಣೆ ಸೀಸನ್ 10ರಲ್ಲಿದೆ. ಬೀದಿ ಹೊಡೆದಾಟದ ವಿಡಿಯೋಗಳಿಂದ ಹೆಸರಾಗಿದ್ದ ಕಿಂಬೊ ಸ್ಲೈಸ್ ಅವರನ್ನು ನೋಡಲು ಜನ ಕಾದಿದ್ದರು. 2009ರ ಸೆಪ್ಟೆಂಬರ್‌ನಲ್ಲಿ ಪ್ರಸಾರವಾದ ಅವರ ಫೈಟ್ ಈ ಶೋದ ಇತಿಹಾಸದಲ್ಲೇ ಅತಿ ಹೆಚ್ಚು ಜನ ನೋಡಿದ ಎಪಿಸೋಡ್‌ಗಳಲ್ಲೊಂದು. ಎದುರಾಳಿ ಹೊಟ್ಟೆ ಬಿಟ್ಟುಕೊಂಡಿದ್ದ ರಾಯ್ ನೆಲ್ಸನ್. ನೆಲ್ಸನ್ ಕಿಂಬೊ ಅವರನ್ನು ಕೆಡವಿ, ಎರಡೂ ತೋಳು ಅದುಮಿ ಹಿಡಿದು, ಚಿಕ್ಕ ಚಿಕ್ಕ ಗುದ್ದು ಕೊಡುತ್ತಾ ಹೋದರು. ಒಂದೊಂದು ಗುದ್ದಿನಲ್ಲಿ ಅಂಥ ಬಲ ಇರಲಿಲ್ಲ. ಆದರೆ ಕಿಂಬೊ ತಡೆಯುವ ಸ್ಥಿತಿಯಲ್ಲೂ ಇರಲಿಲ್ಲ. ಎರಡನೇ ರೌಂಡ್‌ನಲ್ಲಿ ರೆಫರಿ ನಿಲ್ಲಿಸಿದರು. ತನ್ನನ್ನು ತಾನು ಕಾಪಾಡಿಕೊಳ್ಳಲು ಆಗದಿದ್ದರೆ ಫೈಟ್ ಮುಗಿದ ಹಾಗೆ. ನೆಲ್ಸನ್ ಆ ಸೀಸನ್ನನ್ನೇ ಗೆದ್ದರು.

ಪ್ರತಿ ರೌಂಡ್ ಮುಗಿದ ಕೂಡಲೇ ನಿಮ್ಮ ಅಂಕ ಬರೆದುಬಿಡಿ. ಮೂಲೆಯಲ್ಲಿ ಕೋಚ್ ಏನು ಹೇಳುತ್ತಾನೆ ಅನ್ನುವುದನ್ನು ಅದಾದ ಮೇಲೆ ಕೇಳಿ. ಸೋತ ರೌಂಡನ್ನು ಗೆದ್ದೆ ಅಂತ ಹೇಳುವ ಕೋಚ್‌ಗಳು ಬಹಳ.

ಹಂತ 8: ಕೋಚ್‌ಗಳು, ಮನೆ ಜಗಳ

ಇಬ್ಬರು ಕೋಚ್‌ಗಳ ನಡುವೆ ಸೀಸನ್ ಮುಗಿದ ಮೇಲೆ ಫೈಟ್ ಇರುತ್ತದೆ ಎಂಬುದು ಮಾಮೂಲಿ ಜಾಹೀರಾತು. ಅದಕ್ಕೆ ಕಾಯಬೇಡಿ. ಸೀಸನ್ 15ರ ಡೊಮಿನಿಕ್ ಕ್ರೂಸ್ ಮಂಡಿಗೆ ಗಾಯ ಮಾಡಿಕೊಂಡರು. ಸೀಸನ್ 13ರ ಬ್ರಾಕ್ ಲೆಸ್ನರ್ ಕಾಯಿಲೆ ಬಿದ್ದರು. ಸೀಸನ್ 31ರ ಕಾನರ್ ಮೆಕ್‌ಗ್ರೆಗರ್ ಮತ್ತು ಮೈಕಲ್ ಚಾಂಡ್ಲರ್ ಫೈಟ್ 2024ರ ಜೂನ್‌ಗೆ ನಿಗದಿಯಾಗಿ, ಮೆಕ್‌ಗ್ರೆಗರ್ ಕಾಲ್ಬೆರಳ ಗಾಯದಿಂದ ರದ್ದಾಯಿತು. ನಡೆದಾಗ ಮಾತ್ರ ಚೆನ್ನಾಗಿರುತ್ತದೆ. ಮಹಿಳೆಯರು ಮೊದಲು ಕಾಣಿಸಿಕೊಂಡ ಸೀಸನ್ 18ರ ಕೋಚ್‌ಗಳಾದ ರೊಂಡಾ ರೌಸಿ ಮತ್ತು ಮೀಶಾ ಟೇಟ್ 2013ರ ಡಿಸೆಂಬರ್‌ನಲ್ಲಿ ನಿಜವಾದ ದ್ವೇಷದಿಂದಲೇ ಆಡಿದರು.

ಕೋಚ್ ಒಳ್ಳೆಯವನೋ ಅಲ್ಲವೋ ಅಂತ ತಿಳಿಯಲು ಗೆದ್ದಾಗ ನೋಡಬೇಡಿ. ತನ್ನ ಫೈಟರ್ ಸೋತ ರಾತ್ರಿ ಡ್ರೆಸಿಂಗ್ ರೂಮಿಗೆ ಬರುತ್ತಾನಾ ನೋಡಿ.

ಮನೆ ಜಗಳ, ಹಾಸಿಗೆ ಒದ್ದೆ ಮಾಡುವುದು, ಊಟಕ್ಕೆ ಏನೋ ಬೆರೆಸುವುದು, ಇದೆಲ್ಲ ಮೂರು ನಾಲ್ಕು ಸೀಸನ್ ನೋಡಿದ ಮೇಲೆ ಸಾಕಾಗುತ್ತದೆ. ಓಡಿಸಿ, ಪಾಪ ಏನೂ ಬರುವುದಿಲ್ಲ. ಕುಡಿತ ಕಂಡರೆ ಮಾತ್ರ ಯಾರು ಅಂತ ಬರೆದುಕೊಳ್ಳಿ. ನಾಳೆ ತೂಕ ಇಳಿಸಬೇಕಾದವನು ಇವತ್ತು ಕುಡಿಯುತ್ತಿದ್ದರೆ ಅದು ಆಟದ ವಿಷಯ. ಸೀಸನ್ 7ರಲ್ಲಿ ಫೈನಲ್ ತಲುಪಿದ ಜೆಸ್ಸಿ ಟೇಲರ್ ಚಿತ್ರೀಕರಣ ಮುಗಿದ ಮೇಲೆ ವೇಗಸ್‌ನಲ್ಲಿ ಕುಡಿದು ಲಿಮೊಸಿನ್ ಕಿಟಕಿ ಒದ್ದು ಒಡೆದರು. ಫೈನಲ್ ಕೈತಪ್ಪಿತು. ಅವರು 2017ರಲ್ಲಿ ಸೀಸನ್ 25ಕ್ಕೆ ಬಂದು ಗೆದ್ದರು. ಈ ಎರಡು ಸೀಸನ್‌ಗಳನ್ನು ಒಂದರ ಹಿಂದೆ ಒಂದು ನೋಡುವುದು ಚೆನ್ನಾಗಿರುತ್ತದೆ. ಸೀಸನ್ 7ರಲ್ಲಿ ಇನ್ನೊಂದು ಬೋನಸ್ ಇದೆ: ಗೆದ್ದ ಅಮೀರ್ ಸಾಡೊಲ್ಲಾ ಅದಕ್ಕೆ ಮೊದಲು ಒಂದೇ ಒಂದು ವೃತ್ತಿಪರ ಫೈಟ್ ಕೂಡ ಆಡಿರಲಿಲ್ಲ.

ಗಾಯ ಮಾತ್ರ ಯಾವತ್ತೂ ಗಮನದಲ್ಲಿರಲಿ. ಗೆದ್ದವರು ಕೈ ಮುರಿದುಕೊಂಡು ಹೊರಗೆ ಹೋದರೆ ಸೋತವರಲ್ಲಿ ಒಬ್ಬರಿಗೆ ಮತ್ತೆ ಅವಕಾಶ. ಸೀಸನ್ 11ರಲ್ಲಿ ಕೋರ್ಟ್ ಮೆಗೀ ಹಾಗೆ ವಾಪಸ್ ಬಂದು ಪ್ರಶಸ್ತಿಯನ್ನೇ ತಗೊಂಡು ಹೋದರು. ಸೋತವರ ಹೆಸರನ್ನು ಹಾಳೆಯಿಂದ ಪೂರ್ತಿ ಹೊಡೆದುಹಾಕಬೇಡಿ.

ಹಂತ 9: ಫಿನಾಲೆ ಮತ್ತು ಅದರ ನಂತರ

ಮಾಮೂಲಿ ಸೀಸನ್‌ಗಳಲ್ಲಿ ಫಿನಾಲೆ ಚಿತ್ರೀಕರಣದ ತಿಂಗಳುಗಳ ನಂತರ ನಡೆಯುತ್ತದೆ. ಅಂದರೆ ನೀವು ಹಾಳೆಯಲ್ಲಿ ಬರೆದ ಆಯಾಸ, ತೂಕದ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಫೈಟರ್‌ಗಳು ತಮ್ಮ ಸ್ವಂತ ಜಿಮ್‌ಗೆ ಹೋಗಿ, ಪೂರ್ತಿ ತಯಾರಾಗಿ ಬಂದಿರುತ್ತಾರೆ. ಮೂರು ರೌಂಡ್, ಅಧಿಕೃತ ದಾಖಲೆ. ಶೋ ಒಳಗೆ ಕಂಡವರೇ ಬೇರೆ, ಇವರೇ ಬೇರೆ ಅನ್ನಿಸಿದರೆ ಆಶ್ಚರ್ಯ ಇಲ್ಲ.

ಗೆದ್ದವರ ಜೊತೆ ಸೋತವರನ್ನೂ ಹಿಂಬಾಲಿಸಿ. ಸೀಸನ್ 14ರ ಫೈನಲ್‌ನಲ್ಲಿ ಜಾನ್ ಡಾಡ್ಸನ್ ಎದುರು ಸೋತ ಟಿ.ಜೆ. ಡಿಲ್ಲಶಾ 2014ರಲ್ಲಿ ಚಾಂಪಿಯನ್ ಆದರು. ಸೀಸನ್ 20ರಲ್ಲಿ ಸೋತ ರೋಸ್ ನಮಾಯುನಾಸ್ 2017ರಲ್ಲಿ ಬೆಲ್ಟ್ ಗೆದ್ದರು. ಎಸ್ಪಾರ್ಜಾ ಜೊತೆ ಮತ್ತೆ ಆಡಿದ್ದು 2022ರಲ್ಲಿ, ಆಗಲೂ ಸೋತರು. ಸೀಸನ್ 3ರ ವಿಜೇತ ಮೈಕಲ್ ಬಿಸ್ಪಿಂಗ್ ಬೆಲ್ಟ್‌ಗೆ ಹತ್ತು ವರ್ಷ ಕಾದು, 2016ರಲ್ಲಿ ಕೊನೇ ಗಳಿಗೆಯಲ್ಲಿ ಸಿಕ್ಕ ಅವಕಾಶದಲ್ಲಿ ಚಾಂಪಿಯನ್ ಲೂಕ್ ರಾಕ್‌ಹೋಲ್ಡ್ ಅವರನ್ನು ಕೆಡವಿದರು. ಸೀಸನ್ 4ರಲ್ಲಿ ಇನ್ನೊಂದು ತೂಕದ ವಿಭಾಗ ಗೆದ್ದ ಮ್ಯಾಟ್ ಸೆರಾ ಕಾದದ್ದು ತಿಂಗಳುಗಳು ಮಾತ್ರ: 2007ರ ಏಪ್ರಿಲ್‌ನಲ್ಲಿ ಚಾಂಪಿಯನ್ ಜಾರ್ಜ್ ಸೇಂಟ್ ಪಿಯೆರ್ ಅವರನ್ನು ಮೊದಲ ರೌಂಡ್‌ನಲ್ಲೇ ಮುಗಿಸಿದರು.

ಸೀಸನ್ ಒಂದು ಮುಗಿದ ಮೇಲೆ ಆ ಹಾಳೆಯನ್ನು ಎಸೆಯಬೇಡಿ, ಹಿಂಬದಿಯಲ್ಲಿ ಮುಂದಿನ ಫೈಟ್‌ಗಳನ್ನು ಬರೆಯುತ್ತಾ ಹೋಗಿ. ಹೀಗೆ ಹಿಂಬಾಲಿಸುವುದನ್ನು ಶುರು ಮಾಡಲು ಸೀಸನ್ 24 ತಗೊಳ್ಳಿ, 2016ರದು. ಮೊದಲ ಸುತ್ತಲ್ಲಿ 1ನೇ ಕ್ರಮಾಂಕದ ಬ್ರೆಜಿಲ್‌ನ ಅಲೆಶಾಂಡ್ರೆ ಪಾಂಟೋಜಾ 16ನೇ ಕ್ರಮಾಂಕದ ಮೆಕ್ಸಿಕೋದ ಬ್ರ್ಯಾಂಡನ್ ಮೊರೆನೊ ಅವರ ಕತ್ತು ಹಿಡಿದು ಸೋಲಿಸಿದರು. ಇಬ್ಬರೂ ಸೀಸನ್ ಗೆಲ್ಲಲಿಲ್ಲ. ಆ ಫೈಟ್ ನೋಡಿ, ನಂತರ 2018ರ ಮೇ ತಿಂಗಳಲ್ಲಿ ಚಿಲಿಯಲ್ಲಿ ನಡೆದ ಅವರ ಮರುಪಂದ್ಯ ನೋಡಿ. ಮೊರೆನೊ 2021ರಲ್ಲಿ ಚಾಂಪಿಯನ್ ಆದರು. 2023ರ ಜುಲೈ 8ರಂದು ಲಾಸ್ ವೇಗಸ್‌ನಲ್ಲಿ ಬೆಲ್ಟ್‌ಗಾಗಿ ಮತ್ತೆ ಎದುರಾದರು, ಐದು ರೌಂಡ್, ಒಡಕು ತೀರ್ಪು. ಅದನ್ನು ಪಾಂಟೋಜಾ ಗೆದ್ದರು. ಅಧಿಕೃತ ದಾಖಲೆ ತೆರೆದರೆ ಇವರ ನಡುವೆ ಎರಡೇ ಫೈಟ್ ಕಾಣುತ್ತವೆ. ನಿಮ್ಮ ಹಾಳೆಯಲ್ಲಿ ಮೂರು ಇರಬೇಕು.